ನಾಲ್ವರ ಆಟವನ್ನು ಒಬ್ಬರೇ ಆಡಿದರೆ

ತೀರ್ಥಹಳ್ಳಿಯ ಓದುಗ ಮಿತ್ರರಿಗೆ ನಮಸ್ಕಾರ.

ನಮ್ಮ ಅಂಕಣ ಓದಿ, ನಾಲ್ವರು ಒಟ್ಟಾಗಿ ಜೋಂಬಿಗಳನ್ನು ಎದುರಿಸುವ ವಿಡಿಯೊ ಗೇಮ್ ‘ಲೆಫ್ಟ್ ಫೋರ್ ಡೆಡ್ 2’ ಕೊಂಡು, ಒಬ್ಬರೇ ಕೂತು ಆಡಿ, ಬೇಸತ್ತು ಪತ್ರ ಬರೆದಿದ್ದೀರಿ. “ಕಥೆ ಎಂಬುದೇ ಇಲ್ಲ, ಕಂಪ್ಯೂಟರೇ ನಡೆಸುವ ಜೊತೆಗಾರರಾದ ಬಾಟ್‌ಗಳು ದಂಡಪಿಂಡಗಳು. ಗೆಳೆಯರೆಲ್ಲ ಬೆಂಗಳೂರು ಸೇರಿದ್ದಾರೆ. ಇದನ್ನೇಕೆ ಅಷ್ಟು ಹೊಗಳಿದಿರಿ? ಬದಲಿಗೆ ಅದೇ ಬಗೆಯ ಹೊಸ ಆಟ ‘ಬ್ಯಾಕ್ ಫೋರ್ ಬ್ಲಡ್’ ಕೊಳ್ಳಲೇ?” ಎಂದು ಕೇಳಿದ್ದೀರಿ.

ಬಾಟ್‌ಗಳ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ನಿಜ. ಗುರಿಯಿಟ್ಟು ಹೊಡೆಯುತ್ತವೆ, ಬಿದ್ದವರನ್ನು ಎತ್ತುತ್ತವೆ. ಆದರೆ ಕೈಬಾಂಬು, ಪೆಟ್ರೋಲ್ ಬಾಂಬು ಎಸೆಯುವುದಿಲ್ಲ, ಮುಂದೆ ನಿಂತು ದಾರಿ ತೋರುವುದಿಲ್ಲ. ಆಟ 2009ರದ್ದು ಎಂಬ ಕಾರಣಕ್ಕೆ ಈ ಲೋಪವನ್ನು ಮನ್ನಿಸಲು ನನಗೆ ಮನಸ್ಸಿಲ್ಲ. ಒಂಟಿಯಾಗಿ ಕೂತವರ ಪಾಲಿಗೆ ಬರುವುದು ಅರ್ಧ ಆಟ.

ನಾವು ಹೊಗಳಿದ್ದು ಉಳಿದರ್ಧವನ್ನು. ಹಂಟರ್ ಎಂಬ ಜೋಂಬಿ ಹಾರಿಬಂದು ಕೆಡವಿದ ಮೇಲೆ ನೀವೆಷ್ಟೇ ಚುರುಕಾಗಿದ್ದರೂ ನಿಮ್ಮಷ್ಟಕ್ಕೆ ನೀವು ಏಳಲಾರಿರಿ, ಜೊತೆಯವರೇ ಬಂದು ಬಿಡಿಸಬೇಕು. ಇನ್ನು ಔಷಧಿ ಪೆಟ್ಟಿಗೆಯ ಲೆಕ್ಕ ನೋಡಿ. ಎರಡು ಸಲ ನೆಲಕ್ಕುರುಳಿ ಎದ್ದವರ ಪರದೆ ಕಪ್ಪು ಬಿಳುಪಾಗುತ್ತದೆ. ಚಿಕಿತ್ಸೆ ಸಿಗದೆ ಮೂರನೇ ಸಲ ಬಿದ್ದರೆ ಸಾವೇ. ಪೆಟ್ಟಿಗೆ ಉಳಿದಿರುವುದು ನಿಮ್ಮ ಬೆನ್ನಲ್ಲಿ ಮಾತ್ರ, ನಿಮಗೂ ಪೆಟ್ಟಾಗಿದೆ. ಅದನ್ನು ಬಿಚ್ಚಿ ಗೆಳೆಯನಿಗೆ ಪಟ್ಟಿ ಕಟ್ಟುವಷ್ಟು ಹೊತ್ತು ನೀವು ಬಂದೂಕು ಎತ್ತುವಂತಿಲ್ಲ, ಉಳಿದವರು ಕಾವಲು ನಿಲ್ಲಬೇಕು. ಯಾರೂ ಹೇಳಿಕೊಡದೆ ನಾಲ್ವರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ನಿಲ್ಲುವುದನ್ನು ಕಲಿಯುತ್ತಾರೆ. ನೀವು ಕೇಳುವ ಕಥೆ ಹುಟ್ಟುವುದು ಇಲ್ಲಿ. ಬಾಟ್‌ಗೆ ಪಟ್ಟಿ ಕಟ್ಟಿದಾಗ ಆ ಕಳವಳ ಹುಟ್ಟುವುದಿಲ್ಲ.

ಆಟದ ‘ಹಾರ್ಡ್ ರೇನ್’ ಎಂಬ ಅಭಿಯಾನವನ್ನು, ಅಂದರೆ ಕಂತನ್ನು, ಒಮ್ಮೆ ನೆನೆಸಿಕೊಳ್ಳಿ. ಮುಚ್ಚಿದ ಸಕ್ಕರೆ ಕಾರ್ಖಾನೆ, ಅದರಾಚೆ ಕಬ್ಬಿನ ಗದ್ದೆ, ಕೊನೆಗೆ ಪೆಟ್ರೋಲ್ ಬಂಕು. ದೋಣಿಗೆ ಇಂಧನ ತರಲು ಹೊರಟವರು ಬಂದ ದಾರಿಯಲ್ಲೇ ಮರಳಬೇಕು; ಅಷ್ಟರಲ್ಲಿ ಮಳೆ ಹಿಡಿದು ದಾರಿಯೆಲ್ಲ ನೀರು. ಬಿರುಸಾದಾಗ ಎದುರಿನವರೇ ಕಾಣರು, ಕೂಗಿದ್ದೂ ಕೇಳಿಸದು. ಆಗುಂಬೆಯ ಆಷಾಢ ಕಂಡ ನಿಮಗೆ ಇದನ್ನು ವಿವರಿಸಬೇಕಿಲ್ಲ. ಹೋಗುವಾಗ ಕಂಡ ಜಾಗವೇ ಬರುವಾಗ ಗುರುತು ಸಿಗದಂತಾಗುವ ಭಯವನ್ನು ಇಷ್ಟು ಚೆನ್ನಾಗಿ ಕಟ್ಟಿದ ಇನ್ನೊಂದು ಜೋಂಬಿ ಆಟ ನನಗೆ ಕಂಡಿಲ್ಲ. ಇದರ ಮೇಲೆ, ತಂಡ ಸುಸ್ತಾಗಿದೆಯೇ ಗಟ್ಟಿಯಾಗಿದೆಯೇ ಎಂದು ಗಮನಿಸಿ ಜೋಂಬಿಗಳ ದಂಡನ್ನು ಹೆಚ್ಚುಕಡಿಮೆ ಮಾಡುವ ‘ಡೈರೆಕ್ಟರ್’ ವ್ಯವಸ್ಥೆಯೂ ಇದೆ. ಹೀಗಾಗಿ ದಾರಿ ಬಾಯಿಪಾಠವಾದರೂ ಅಪಾಯ ಬಾಯಿಪಾಠವಾಗದು.

ಬಾಟ್‌ಗಳಿಗಿಂತ ನನ್ನನ್ನು ಹೆಚ್ಚು ಕಾಡುವ ಕೊರತೆ ಅಪರಿಚಿತರ ಜೊತೆಗಿನ ಆಟ. ಈಸಿ ಹಂತ ಬಿಟ್ಟರೆ ಜೊತೆಯವರ ಗುಂಡೂ ನಿಮಗೆ ತಾಗುತ್ತದೆ. ಗೆಳೆಯರ ನಡುವೆ ಅದು ಎಚ್ಚರಿಕೆ ಕಲಿಸುತ್ತದೆ. ಗುರುತಿಲ್ಲದವರ ನಡುವೆ ಕಿರುಕುಳವಾಗುತ್ತದೆ. ಮತ ಹಾಕಿ ಹೊರಗಟ್ಟುವ ಸೌಲಭ್ಯವಂತೂ ಹೊಸಬರ ಮೇಲೇ ತಿರುಗುವುದುಂಟು.

‘ಬ್ಯಾಕ್ ಫೋರ್ ಬ್ಲಡ್’ 2021ರದ್ದು. ಮೊದಲ ‘ಲೆಫ್ಟ್ ಫೋರ್ ಡೆಡ್’ ಕಟ್ಟಿದ ಟರ್ಟಲ್ ರಾಕ್ ತಂಡದ್ದೇ. ಚಿತ್ರ ಚೆಂದ, ಬಂದೂಕುಗಳ ವೈವಿಧ್ಯ ದೊಡ್ಡದು. ಆದರೆ ಅಲ್ಲಿ ಆಟಗಾರನ ಬಲ ಹೆಚ್ಚಿಸುವ ಕಾರ್ಡ್‌ಗಳನ್ನು ಗಳಿಸಿ ಜೋಡಿಸಿಕೊಳ್ಳಬೇಕು. ತಿಂಗಳಿಂದ ಆಡುತ್ತಿರುವವನಿಗೂ ನಿನ್ನೆ ಸೇರಿದವನಿಗೂ ಸರಿಸಾಟಿಯಿಲ್ಲ. ನಿಮ್ಮದರಲ್ಲಿ ಇವತ್ತು ಕೂತವನ ಕೈಗೂ ಅದೇ ಪಿಸ್ತೂಲು. ಅಪರೂಪಕ್ಕೆ ಒಟ್ಟಾಗುವ ಗೆಳೆಯರಿಗೆ ನನ್ನ ಆಯ್ಕೆ ಹಳೆಯದೇ. ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಅದು ಓಡುತ್ತದೆ.

ಆದ್ದರಿಂದ ಹೊಸದಕ್ಕೆ ದುಡ್ಡು ಹಾಕಬೇಡಿ. ದೀಪಾವಳಿಗೆ ಗೆಳೆಯರು ಊರಿಗೆ ಬಂದಾಗ ಅವರೂ ಒಂದೊಂದು ಪ್ರತಿ ಕೊಳ್ಳಲಿ. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರಿಯಾಯಿತಿ ಬಂದಾಗ ತೀರಾ ಅಗ್ಗಕ್ಕೆ ಸಿಗುತ್ತದೆ. ನಾಲ್ವರೂ ಹೆಡ್‌ಫೋನ್ ಹಾಕಿ, ‘ನಾರ್ಮಲ್’ ಹಂತದಲ್ಲಿ ‘ಹಾರ್ಡ್ ರೇನ್’ ಮುಗಿಸಿ. ಆಮೇಲೂ ಬೇಸರ ಅನ್ನಿಸಿದರೆ ಮತ್ತೆ ಬರೆಯಿರಿ, ಆ ಪತ್ರವನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ, ಶಿವಮೊಗ್ಗ