ಕಾರವಾರ ಬೀಚಲ್ಲಿ ರಾತ್ರಿ ಶಟರ್ ತೆರೆದಿಟ್ಟು ಟಾರ್ಚಲ್ಲಿ ಗೆರೆ ಎಳೆಯೋ ಲೈಟ್ ಪೇಂಟಿಂಗ್ ಮಾಡಿದ್ರೆ ಫೋಟೋ ಪೂರ್ತಿ ಬೆಳ್ಳಗಾಗುತ್ತೆ, ಎಷ್ಟು ಸೆಕೆಂಡ್ ಇಡ್ಬೇಕು?

ಸೆಕೆಂಡ್ ಒಂದನ್ನೇ ಹಿಡ್ಕೊಂಡು ಕೂತ್ರೆ ಇದು ಬಗೆಹರಿಯಲ್ಲ ಮಾರಾಯ್ರೇ. ಶಟರ್ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದ್ರಿಂದ ಹಿಂದಿನ ಆಕಾಶ, ಸಮುದ್ರ, ರಸ್ತೆ ದೀಪ ಎಷ್ಟು ಬೆಳಗುತ್ತೆ ಅನ್ನೋದು ಗೊತ್ತಾಗುತ್ತೆ, ಟಾರ್ಚಿನ ಗೆರೆ ಮಾತ್ರ ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ), ಐಎಸ್ಓ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ), ಮತ್ತೆ ನಿಮ್ಮ ಕೈ ಎಷ್ಟು ಜೋರಾಗಿ ಓಡುತ್ತೆ ಅನ್ನೋದ್ರ ಮೇಲೆ ಹೋಗುತ್ತೆ, ಯಾಕಂದ್ರೆ ಟಾರ್ಚ್ ಒಂದು ಕಡೆ ನಿಲ್ಲೋದೇ ಇಲ್ವಲ್ಲ, ಆ ಜಾಗ ದಾಟಿದ್ಮೇಲೆ ಶಟರ್ 10 ಸೆಕೆಂಡ್ ಇರ್ಲಿ 60 ಇರ್ಲಿ ಅದಕ್ಕೇನೂ ಆಗಲ್ಲ. ಹಾಗಾಗಿ ಐಎಸ್ಓ 100, ಅಪರ್ಚರ್ ಎಫ್ 8, 20 ಸೆಕೆಂಡ್ ಇಟ್ಟು ಶುರು ಮಾಡಿ. ಗೆರೆ ಸರಿ ಇದ್ದು ಆಕಾಶ ಬೆಳ್ಳಗಾದ್ರೆ ಸೆಕೆಂಡ್ ಇಳಿಸಿ, ಆಕಾಶ ಸರಿ ಇದ್ದು ಗೆರೆ ಉರೀತಿದ್ರೆ ಟಾರ್ಚಿಗೆ ಬಣ್ಣದ ಜಿಲೇಟಿನ್ ಪೇಪರ್ ಸುತ್ತಿ. 30 ಸೆಕೆಂಡ್ ಮೇಲೆ ಬೇಕಾದ್ರೆ ಬಲ್ಬ್ ಮೋಡ್ (ಬಟನ್ ಒತ್ತಿರೋವಷ್ಟು ಹೊತ್ತೂ ಶಟರ್ ತೆರೆದೇ ಇರುತ್ತೆ), ಜೊತೆಗೊಂದು ರಿಮೋಟ್.

ಟಾಗೋರ್ ಬೀಚಲ್ಲಿ ಪಕ್ಕದಲ್ಲೇ ಹೈವೇ, ಗಾಡಿ ಲೈಟ್ ತಪ್ಪಲ್ಲ. ಮಾಜಾಳಿ ಕಡೆ ಕತ್ತಲೆ ವಾಸಿ. ಟ್ರೈಪಾಡ್ ಒದ್ದೆ ಮರಳಲ್ಲಿ ಇಟ್ರೆ ಅಲೆ ಬಂದು ಹೋದಾಗೆಲ್ಲ ಕಾಲು ಇಷ್ಟಿಷ್ಟೇ ಕುಸಿಯುತ್ತೆ, ಸ್ಕ್ರೀನಲ್ಲಿ ಗೊತ್ತಾಗಲ್ಲ, ಮನೆಗೆ ಬಂದು ನೋಡಿದ್ರೆ ದೂರದ ದೀಪ ಎಲ್ಲ ಎರಡೆರಡು. ಒಣ ಮರಳೇ ಒಳ್ಳೇದು, ಕಾಲು ಒತ್ತಿ ಹೂತುಬಿಡಿ. ಲೆನ್ಸ್ ಮೇಲೆ ಉಪ್ಪು ಕೂರುತ್ತೆ, ಬಟ್ಟೆ ಜೇಬಲ್ಲಿರ್ಲಿ.

ಫೋಕಸ್‌ಗೆ ನೀವು ನಿಲ್ಲೋ ಜಾಗದಲ್ಲಿ ಟಾರ್ಚ್ ಹಚ್ಚಿಟ್ಟು ಆಟೋ ಫೋಕಸ್ ಮಾಡಿ, ಆಮೇಲೆ ಮ್ಯಾನುಯಲ್‌ಗೆ ಹಾಕಿ. ಕಪ್ಪು ಬಟ್ಟೆ ಹಾಕ್ಕೊಂಡು ಓಡಾಡ್ತಾ ಇದ್ರೆ ನೀವು ಫೋಟೋದಲ್ಲಿ ಕಾಣೋದೇ ಇಲ್ಲ. ನಿಮ್ಮ ಮುಖಾನೂ ಬೇಕಂದ್ರೆ ಶಟರ್ ತೆರೆದಿರೋವಾಗ್ಲೇ ಒಂದು ಫ್ಲಾಶ್ ಹೊಡೀರಿ, 1949ರಲ್ಲಿ ಪಿಕಾಸೊ ಕತ್ತಲಲ್ಲಿ ದೀಪ ಹಿಡಿದು ಚಿತ್ರ ಬರೆದ ಫೋಟೋಗಳಲ್ಲಿ ಫೋಟೋಗ್ರಾಫರ್ ಜೋನ್ ಮಿಲಿ ಮಾಡಿದ್ದೂ ಇದನ್ನೇ. ಕ್ಯಾಮೆರಾ ಕಡೆ ಮುಖ ಮಾಡಿ ಹೆಸರು ಬರೆದ್ರೆ ಉಲ್ಟಾ ಬರುತ್ತೆ, ಫೋಟೋನ ಫ್ಲಿಪ್ ಮಾಡಿದ್ರೆ ಸರಿಯಾಗುತ್ತೆ, ಆದ್ರೆ ಹಿಂದೆ ಟಾಗೋರ್ ಬೀಚಲ್ಲಿ ಮ್ಯೂಸಿಯಂ ಮಾಡಿಟ್ಟಿರೋ ಚಾಪಲ್ ಯುದ್ಧ ಹಡಗು ಇದ್ರೆ ಅದರ ಮೇಲಿನ ನಂಬರ್ ಉಲ್ಟಾ! ಇನ್ನು ಕೆಲವು ಅಗ್ಗದ ಎಲ್‌ಇಡಿ ಟಾರ್ಚ್ ಡಿಮ್ ಮಾಡಿದ್ರೆ ಗೆರೆ ಬದಲು ಚುಕ್ಕಿ ಚುಕ್ಕಿ ಬರುತ್ತೆ, ಅದು ಕಣ್ಣಿಗೆ ಕಾಣದಷ್ಟು ಬೇಗ ಆನ್ ಆಫ್ ಆಗೋದ್ರಿಂದ. ನಂಗಂತೂ ಆ ಚುಕ್ಕಿನೇ ಇಷ್ಟ.

ಕಿಡಿ ಹಾರಿಸೋಕೆ ಸ್ಟೀಲ್ ವುಲ್‌ಗೆ (ಉಕ್ಕಿನ ಎಳೆಯ ಉಂಡೆ) ಬೆಂಕಿ ಹಚ್ಚಿ ತಿರುಗಿಸೋದನ್ನ ಗಾಳಿಮರದ ತೋಪಿನ ಹತ್ರ ದಯವಿಟ್ಟು ಮಾಡ್ಬೇಡಿ, ಒಣ ಎಲೆಗೆ ಒಂದು ಕಿಡಿ ಸಾಕು. ಮತ್ತೆ ಫೋಟೋ ಆದ್ಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ನೆ ಕೂತ್ರೆ ಹ್ಯಾಂಗ್ ಆಯ್ತು ಅಂತ ಆಫ್ ಮಾಡ್ಬೇಡಿ, ಫೋಟೋದಲ್ಲಿ ಬರೋ ಬೇಡದ ಚುಕ್ಕಿ ತೆಗೆಯೋ ನಾಯ್ಸ್ ರಿಡಕ್ಷನ್ ಆನ್ ಇದೆ ಅಷ್ಟೇ, ಮೆನುವಲ್ಲಿ ತೆಗೀಬಹುದು.