ಕೇಳಿ ಅಕ್ಕನ್ನ: ಕ್ಲಬ್ಬಿಗೆ ಹೋಗೋದು ಸರಿ, ವಾಪಸ್ ಬರೋದು ಹೇಗೆ?

ಸೆಮಿಸ್ಟರ್ ಪರೀಕ್ಷೆ ಮುಗಿಯಿತು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ನಿಮ್ಮ ಪತ್ರಗಳೇ ಹೇಳುತ್ತವೆ. ಹೋದ ತಿಂಗಳು ಬರೀ ಇಂಟರ್ನಲ್ಸ್, ಪ್ರಾಜೆಕ್ಟ್ ಗೈಡ್ ಫೋನ್ ಎತ್ತಲ್ಲ ಅನ್ನೋ ಗೋಳು, ಮೆಸ್ಸಿನ ಸಾಂಬಾರು. ಈ ಸಲ ಕವರ್ ಒಡೆದರೆ ಸಾಕು, ಪಬ್ಬು, ಕ್ಲಬ್ಬು, ಡಿಜೆ. ಹೀಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಮೆಸ್ಸಿನವರು ಬೇಜಾರು ಮಾಡಿಕೊಳ್ಳಬೇಡಿ, ಸಾಂಬಾರು ಮುಂದಿನ ಸಲ.

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿ ಎಂ.ಕಾಂ. ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದೇನೆ. ನಮ್ಮ ಗ್ಯಾಂಗಿನ ಐದು ಹುಡುಗೀರು ಬರುವ ಶನಿವಾರ ಬೆಂಗಳೂರಿಗೆ ಹೋಗಿ ಒಂದು ರಾತ್ರಿ ಕ್ಲಬ್‌ನಲ್ಲಿ ಕುಣಿದು ಬರೋಣ ಅಂತ ಪ್ಲಾನ್ ಹಾಕಿದ್ದಾರೆ. ನಾನು ಕುಡಿಯಲ್ಲ. ಆದರೆ ಡ್ಯಾನ್ಸ್ ಅಂದರೆ ಪ್ರಾಣ. ಬರಲ್ಲ ಅಂದರೆ ಹಳ್ಳಿ ಗುಗ್ಗು ಅಂತಾರೆ, ಹೋದರೆ ಮನೆಯಲ್ಲಿ ಸುಳ್ಳು ಹೇಳಬೇಕು. ಏನು ಮಾಡಲಿ?
– ಹೆಸರು ಬೇಡ, ಶಿವಗಂಗೋತ್ರಿ, ತೋಳಹುಣಸೆ

ಉತ್ತರ: ನಿನಗೇ ಆಸೆ ಇದ್ದರೆ ಹೋಗು ತಂಗಿ. ಗುಗ್ಗು ಅಂತಾರೆ ಅನ್ನೋ ಭಯಕ್ಕೆ ಮಾತ್ರ ಹೋಗೋದಾದರೆ ಹಾಸ್ಟೆಲ್‌ನಲ್ಲೇ ಮಲಗು, ದುಡ್ಡು ಉಳಿಯುತ್ತದೆ. ಆದರೆ ಒಂದು ಪ್ರಶ್ನೆಗೆ ಉತ್ತರ ಸಿಗುವ ತನಕ ಟಿಕೆಟ್ ಬುಕ್ ಮಾಡಬೇಡ. ಬೆಂಗಳೂರಿನಲ್ಲಿ ರಾತ್ರಿ 1 ಗಂಟೆಗೆ ಕ್ಲಬ್ ಮುಚ್ಚುತ್ತದೆ. ಆಮೇಲೆ ನೀವು ಐದು ಜನ ಎಲ್ಲಿ ಇರುತ್ತೀರಿ?

ನಗಬೇಡ. ಎಲ್ಲರೂ ಡ್ರೆಸ್ ಯಾವುದು, ರೀಲ್ಸ್ ಯಾವುದು ಅಂತ ಯೋಚಿಸುತ್ತಾರೆ, ಇದನ್ನು ಯಾರೂ ಯೋಚಿಸುವುದಿಲ್ಲ. ದಾವಣಗೆರೆಗೆ 260 ಕಿಲೋಮೀಟರ್ ದಾರಿ. ಬೆಳಗಿನ ವಂದೇ ಭಾರತ್ ಆಗಲಿ, ಜನಶತಾಬ್ದಿ ಆಗಲಿ ಹೊರಡೋದು ಬೆಳಿಗ್ಗೆ 6ರ ಆಸುಪಾಸಿಗೆ. ಮೆಟ್ರೊ 11 ದಾಟಿದ ಮೇಲೆ ನಂಬಿಕೊಳ್ಳುವ ಹಾಗಿಲ್ಲ. ಅಂದರೆ 1ರಿಂದ 6ರ ತನಕ ಐದು ಗಂಟೆ, ಕಾಲು ನೋಯುತ್ತಿರುತ್ತದೆ, ಫೋನ್ ಚಾರ್ಜ್ 4 ಪರ್ಸೆಂಟ್, ಯಾರೋ ಒಬ್ಬಳಿಗೆ ವಾಂತಿ, ಇನ್ನೊಬ್ಬಳಿಗೆ ಅಳು. ಕ್ಲಬ್ ಒಳಗೆ ಆಗುವುದಕ್ಕಿಂತ ಜಾಸ್ತಿ ಎಡವಟ್ಟು ಆಗುವುದು ಈ ಐದು ಗಂಟೆಯಲ್ಲೇ.

ಇದು ನನ್ನ ಸ್ವಂತ ಅನುಭವ. ಎಂಟು ವರ್ಷದ ಹಿಂದೆ ನಾವು ನಾಲ್ಕು ಜನ ಹೀಗೇ ಹೋಗಿದ್ದೆವು. ಹೆಸರು ಹೇಳಲ್ಲ, ಚರ್ಚ್ ಸ್ಟ್ರೀಟ್ ಕಡೆಯ ಒಂದು ಜಾಗ. ಉಳಿದುಕೊಳ್ಳೋಕೆ ರೂಮು ಕೊಡುತ್ತೇನೆ ಅಂದಿದ್ದ ಗೆಳತಿ ಫೋನ್ ಸೈಲೆಂಟ್‌ಗೆ ಹಾಕಿ ಮಲಗಿಬಿಟ್ಟಿದ್ದಳು. ಆಟೊದವನು ಬಾಯಿಗೆ ಬಂದ ರೇಟು ಹೇಳಿದ. ಕೊನೆಗೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಕಬ್ಬಿಣದ ಕುರ್ಚಿ ಮೇಲೆ, ಮಿನುಗುವ ಟಾಪ್ ಹಾಕಿಕೊಂಡು, ಮೇಲೆ ಟವೆಲ್ ಹೊದ್ದು ಬೆಳಗು ಮಾಡಿದೆವು. ಪಕ್ಕದಲ್ಲಿ ಕೂತಿದ್ದ ಹರಪನಹಳ್ಳಿ ಕಡೆಯ ಅಜ್ಜಿಯೊಬ್ಬರು ತಮ್ಮ ಬುತ್ತಿ ಬಿಚ್ಚಿ ರೊಟ್ಟಿ ಚಟ್ನಿಪುಡಿ ಕೊಟ್ಟರು, 'ಯಾವ ನಾಟಕ ಕಂಪನಿಯವರವ್ವಾ ನೀವು' ಅಂತ ಕೇಳಿದರು. ಆ ರಾತ್ರಿ ಯಾವ ಹಾಡಿಗೆ ಕುಣಿದೆವು ಅಂತ ಒಂದೂ ನೆನಪಿಲ್ಲ. ರೊಟ್ಟಿ ನೆನಪಿದೆ.

ಹಾಗಾಗಿ ಮೊದಲು ಮಲಗುವ ಜಾಗ. ಗೆಳತಿಯ ಪಿ.ಜಿ. ಅಂದರೆ ರಾತ್ರಿ ಗೇಟ್ ಎಷ್ಟಕ್ಕೆ ಹಾಕುತ್ತಾರೆ ಅಂತ ಅವಳನ್ನೇ ಕೇಳು, ಬಹಳ ಪಿ.ಜಿ.ಗಳು 10ಕ್ಕೇ ಬೀಗ ಹಾಕುತ್ತವೆ. ಐದು ಜನ ಸೇರಿ ಲಾಡ್ಜ್ ರೂಮು ಮಾಡಿದರೂ ತಲೆಗೆ ಅಷ್ಟೇನೂ ಬೀಳುವುದಿಲ್ಲ, ಕ್ಲಬ್‌ನಿಂದ ಹತ್ತಿರದ್ದೇ ನೋಡಿ.

ಮನೆಯಲ್ಲಿ ಸುಳ್ಳು ಹೇಳುವ ವಿಷಯ. ಕ್ಲಬ್ಬು ಅಂತ ಬಾಯಿ ಬಿಟ್ಟು ಹೇಳೋಕೆ ಧೈರ್ಯ ಇಲ್ಲ, ಗೊತ್ತು, ನನಗೂ ಇರಲಿಲ್ಲ. ಆದರೆ ಶಿವಮೊಗ್ಗದಲ್ಲಿ ಸೆಮಿನಾರ್ ಇದೆ ಅಂತೆಲ್ಲಾ ಹೋಗುವ ಊರಿನ ಬಗ್ಗೆ ಸುಳ್ಳು ಹೇಳಬೇಡ. ಬೆಂಗಳೂರಿಗೆ ಹೋಗುತ್ತಿದ್ದೇನೆ, ಇಂಥವರ ಜೊತೆ, ಇಂಥ ಕಡೆ ಇರುತ್ತೇನೆ, ಭಾನುವಾರ ಬರುತ್ತೇನೆ ಅಂತಾದರೂ ನಿಜ ಹೇಳು. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ನಿಮ್ಮಪ್ಪ ಶಿವಮೊಗ್ಗದಲ್ಲಿ ಸೆಮಿನಾರ್ ಹಾಲ್ ಹುಡುಕಿಕೊಂಡು ಅಲೆಯುವಂತೆ ಆಗಬಾರದು. ಪೂರ್ತಿ ವಿಷಯ ಗೊತ್ತಿರುವ ಒಬ್ಬರು ಇರಲೇಬೇಕು, ಅಕ್ಕನೋ, ಚಿಕ್ಕಮ್ಮನ ಮಗಳೋ, ರೂಮ್‌ಮೇಟೋ. ಹಾಸ್ಟೆಲ್ ರಿಜಿಸ್ಟರ್‌ನಲ್ಲೂ ಬೆಂಗಳೂರು ಅಂತಲೇ ಬರೆ.

ಇನ್ನು ದುಡ್ಡು. ಬಾಗಿಲಲ್ಲೇ ಕವರ್ ಚಾರ್ಜ್ ಅಂತ ತೆಗೆದುಕೊಳ್ಳುತ್ತಾರೆ. ಕೆಲವು ಕಡೆ ಅದನ್ನು ಒಳಗಿನ ಬಿಲ್ಲಿಗೆ ಹಿಡಿದುಕೊಳ್ಳುತ್ತಾರೆ, ಕೆಲವು ಕಡೆ ಹೋಯಿತು ಅಂದರೆ ಹೋಯಿತು. ಕೇಳಿಯೇ ಒಳಗೆ ಹೋಗಿ. ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ತೆಗೆಯಿರಿ ಅನ್ನಬಹುದು, ಅದನ್ನು ತಾನಾಗಿ ಸೇರಿಸುವ ಹಾಗಿಲ್ಲ ಅಂತ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿದಿದೆ. ಮುಖ್ಯವಾಗಿ, ಐದು ಪಾಲು ಸಮ ಹಂಚೋಣ ಅನ್ನುವ ಮಾತಿಗೆ ಒಪ್ಪಬೇಡ. ಅವರು ನಾಲ್ಕು ಜನ ಕಾಕ್‌ಟೇಲ್ ಕುಡಿದು, ನೀನು ಒಂದು ನಿಂಬೆ ಸೋಡಾ ಕುಡಿದು, ಕೊನೆಗೆ ಪಾಲು ಒಂದೇ ಅಂದರೆ? ಎಂ.ಕಾಂ. ಓದುವವಳಿಗೆ ಕಾಸ್ಟ್ ಅಲೊಕೇಷನ್ ನಾನು ಹೇಳಿಕೊಡಬೇಕಾ? ಈ ಮಾತನ್ನು ರೈಲಿನಲ್ಲೇ ಆಡಿ ಮುಗಿಸು. 1 ಗಂಟೆ ರಾತ್ರಿಯಲ್ಲಿ ಈ ಲೆಕ್ಕ ಶುರುವಾದರೆ ಸ್ನೇಹ ಕೆಡುತ್ತದೆ.

ಆಧಾರ್ ಕಾರ್ಡ್ ಎಲ್ಲರೂ ಇಟ್ಟುಕೊಳ್ಳಿ, 21 ತುಂಬಿದೆಯಾ ಅಂತ ನೋಡುತ್ತಾರೆ. ನಿನ್ನ ಸೋಡಾ ಕಣ್ಣೆದುರೇ ಗ್ಲಾಸಿಗೆ ಹಾಕಿಸಿಕೋ. ಟೇಬಲ್ ಮೇಲೆ ಬಿಟ್ಟು ಕುಣಿಯೋಕೆ ಹೋದೆಯಾ, ವಾಪಸ್ ಬಂದು ಅದನ್ನು ಕುಡಿಯಬೇಡ, ಹೊಸದು ತಗೋ. ಯಾರಾದರೂ ಜಾಸ್ತಿ ಕುಡಿದು ಎಬ್ಬಿಸಿದರೂ ಏಳದಿದ್ದರೆ ಮಲಗಿ ಸರಿಹೋಗುತ್ತಾಳೆ ಬಿಡು ಅನ್ನಬೇಡಿ. ಅಂಗಾತ ಮಲಗಿಸದೆ ಪಕ್ಕಕ್ಕೆ ಹೊರಳಿಸಿ, ಒಬ್ಬರು ಜೊತೆಯಲ್ಲೇ ಕೂತು 108ಕ್ಕೆ ಫೋನ್ ಮಾಡಿ. ಯಾರಾದರೂ ಹಿಂದೆ ಬಿದ್ದು ಕಾಡಿದರೆ 112. ನೀನು ಕುಡಿಯದವಳು ಅಂತ ಇದೆಲ್ಲಾ ನಿನ್ನ ತಲೆಗೇ ಕಟ್ಟುತ್ತಾರೆ, ಅದೂ ಗೊತ್ತಿರಲಿ. ಎಲ್ಲರ ಚಪ್ಪಲಿ, ಎಲ್ಲರ ಬ್ಯಾಗು ಕಾಯ್ದುಕೊಂಡು ಮೂಲೆಯಲ್ಲಿ ಕೂರಬೇಡ. ಹೋಗಿದ್ದು ಕುಣಿಯೋಕೆ, ಕುಣಿ.

ಪ್ರಶ್ನೆ: ನಾವು ಮೂವರು ಹುಡುಗರು ಬೆಂಗಳೂರಿಗೆ ಸಂದರ್ಶನಕ್ಕೆ ಹೋದವರು ರಾತ್ರಿ ಒಂದು ಕ್ಲಬ್‌ಗೆ ಹೋದೆವು. ಬಾಗಿಲಲ್ಲೇ 'ಸ್ಟ್ಯಾಗ್ ಎಂಟ್ರಿ ಇಲ್ಲ' ಅಂದರು. ಒಬ್ಬನ ಕಾಲಲ್ಲಿ ಚಪ್ಪಲಿ ಇತ್ತು, ಅದನ್ನು ನೋಡಿ ಒಬ್ಬ ನಕ್ಕ. ನಾವು ಇಂಗ್ಲಿಷ್‌ನಲ್ಲಿ ಮಾತಾಡಲಿಲ್ಲ ಅಂತ ಹೀಗಾ ಅಕ್ಕಾ? ಇನ್ನೂ ಮನಸ್ಸಿಗೆ ಚುಚ್ಚುತ್ತಿದೆ.
– ಎಂ.ಎ. ವಿದ್ಯಾರ್ಥಿ, ಜ್ಞಾನಗಂಗೋತ್ರಿ, ಚಿತ್ರದುರ್ಗ

ಉತ್ತರ: ಸ್ಟ್ಯಾಗ್ ಅಂದರೆ ಗಂಡು ಜಿಂಕೆ ಕಣಪ್ಪಾ. ಜೊತೆಯಲ್ಲಿ ಹೆಣ್ಣುಮಕ್ಕಳಿಲ್ಲದ ಗಂಡಸರಿಗೆ ಕ್ಲಬ್‌ನವರು ಇಟ್ಟ ಹೆಸರು. ಒಳಗೆ ಬರೀ ಗಂಡಸರೇ ತುಂಬಿಕೊಂಡರೆ ಹೆಣ್ಣುಮಕ್ಕಳು ಬರುವುದಿಲ್ಲ ಅನ್ನುವುದು ಅವರ ವ್ಯಾಪಾರದ ಲೆಕ್ಕ. ನೀವು ಆಕ್ಸ್‌ಫರ್ಡ್ ಇಂಗ್ಲಿಷ್ ಮಾತಾಡಿದ್ದರೂ ಮೂವರು ಗಂಡಸರು ಅಂದ ಮೇಲೆ ಅಷ್ಟೇ. ಚಪ್ಪಲಿ, ಚಡ್ಡಿಗೂ ಬಹಳ ಕಡೆ ಬಿಡುವುದಿಲ್ಲ. ಇದೆಲ್ಲಾ ಮೊದಲೇ ಫೋನ್ ಮಾಡಿ ಕೇಳಬಹುದಾದ ವಿಷಯ.

ಆದರೆ ನಕ್ಕಿದ್ದು ಬೇರೆ. ನಿಯಮ ಹೇಳುವುದು ಒಂದು, ಕಾಲು ನೋಡಿ ನಗುವುದು ಇನ್ನೊಂದು. 2024ರ ಜುಲೈನಲ್ಲಿ ಹಾವೇರಿ ಕಡೆಯ ರೈತರೊಬ್ಬರು ಪಂಚೆ ಉಟ್ಟು ಮಗನ ಜೊತೆ ಸಿನಿಮಾಕ್ಕೆ ಹೋದಾಗ ಬೆಂಗಳೂರಿನ ಮಾಲ್‌ನಲ್ಲಿ ತಡೆದರು, ನೆನಪಿದೆಯಾ? ಆಗ ಇಡೀ ರಾಜ್ಯ ಬೈಯಿತು. ಮಾಲ್ ಅನ್ನು ಏಳು ದಿನ ಮುಚ್ಚಿಸುತ್ತೇವೆ ಅಂತ ಸರ್ಕಾರ ಹೇಳಿತು, ಮಾಲ್‌ನವರು ಕ್ಷಮೆ ಕೇಳಿದರು. ನಿನ್ನ ಗೆಳೆಯನ ಚಪ್ಪಲಿಗೆ ಅಷ್ಟೆಲ್ಲಾ ಆಗುವುದಿಲ್ಲ. ಚುಚ್ಚುತ್ತದೆ, ಒಪ್ಪುತ್ತೇನೆ. ಸಂದರ್ಶನ ಏನಾಯಿತು ಅಂತ ಬರೆಯಲೇ ಇಲ್ಲವಲ್ಲ ಮಾರಾಯ?

ಪ್ರಶ್ನೆ: ಹೈವೇ ಪಕ್ಕದ ಡಾಬಾದಲ್ಲಿ ಪಾರ್ಟಿ ಮಾಡಿ ಬೈಕ್‌ನಲ್ಲಿ ಹಾಸ್ಟೆಲ್‌ಗೆ ಬರುತ್ತೇವೆ. ಎರಡು ಬಿಯರ್ ಅಷ್ಟೇ. ಕೊನೆಗೆ ಸ್ಟ್ರಾಂಗ್ ಕಾಫಿ ಕುಡಿದರೆ ಇಳಿಯುತ್ತದೆ ಅಂತ ಗೆಳೆಯ ಹೇಳುತ್ತಾನೆ. ನಿಜಾನಾ?
– ಎಂ.ಎಸ್ಸಿ., ದಾವಣಗೆರೆ

ಉತ್ತರ: ಸುಳ್ಳು. ಎಂ.ಎಸ್ಸಿ. ಓದುತ್ತೀಯ, ಲೆಕ್ಕ ಹಾಕು. 650 ಎಂ.ಎಲ್. ಸ್ಟ್ರಾಂಗ್ ಬಿಯರ್‌ನಲ್ಲಿ ಶೇಕಡಾ 8ರ ಹತ್ತಿರ ಆಲ್ಕೋಹಾಲ್ ಇರುತ್ತದೆ, ಅಂದರೆ ಒಂದು ಬಾಟಲಿಗೆ 40 ಗ್ರಾಂ. ಎರಡಕ್ಕೆ 80. ನಮ್ಮ ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಕರಗಿಸುತ್ತದೆ. ಎಷ್ಟು ಗಂಟೆ ಆಯಿತು? ರಾತ್ರಿ 11ಕ್ಕೆ ಎರಡನೇ ಬಾಟಲಿ ಮುಗಿಸಿದವನು ಬೆಳಿಗ್ಗೆ ಪ್ರಾಕ್ಟಿಕಲ್ ಕ್ಲಾಸಿಗೆ ಬಂದಾಗಲೂ ಪೂರ್ತಿ ಇಳಿದಿರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಕಾಫಿ ಕುಡಿದರೆ ನಿದ್ದೆ ಹೋಗುತ್ತದೆ, ಆಲ್ಕೋಹಾಲ್ ಹೋಗುವುದಿಲ್ಲ. ತೂಕಡಿಸುವ ಕುಡುಕನ ಬದಲು ಕಣ್ಣು ಬಿಟ್ಟ ಕುಡುಕ ಗಾಡಿ ಓಡಿಸುತ್ತಾನೆ, ಅಷ್ಟೇ ವ್ಯತ್ಯಾಸ.

ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕರೆ 10,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ಪೊಲೀಸರ ಮಾತು ಬಿಡು. ಎನ್‌ಎಚ್ 48ರಲ್ಲಿ ರಾತ್ರಿ ಓಡುವ ಲಾರಿಗಳನ್ನು ನೋಡಿದ್ದೀಯಲ್ಲ. ಡಾಬಾಕ್ಕೆ ಹೋಗುವಾಗಲೇ ಆಟೊ ಮಾತಾಡಿಕೊಂಡು ಹೋಗಿ.

ಪ್ರಶ್ನೆ: ಡಿಜೆ ಸ್ಪೀಕರ್ ಪಕ್ಕದಲ್ಲೇ ಎರಡು ತಾಸು ಕುಣಿದೆ. ಎರಡು ದಿನದಿಂದ ಕಿವಿಯಲ್ಲಿ ಗುಂಯ್ ಅಂತಿದೆ.
– ದಾವಣಗೆರೆ

ಉತ್ತರ: ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ನಿನಗೆ ಎರಡು ದಿನ ಆಗಿಹೋಗಿದೆ, ನಾಳೆಯೂ ಹಾಗೇ ಇದ್ದರೆ ಕಿವಿ ಡಾಕ್ಟರ ಹತ್ತಿರ ಹೋಗು, ಮುಂದಕ್ಕೆ ಹಾಕಬೇಡ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯುವ ಕಿವಿ, 100 ಡೆಸಿಬಲ್ ಆದರೆ ಹದಿನೈದು ನಿಮಿಷಕ್ಕೇ ಸುಸ್ತಾಗುತ್ತದೆ. ನೀನು ಎರಡು ತಾಸು ನಿಂತಿದ್ದೆ! ನಮ್ಮೂರ ಗಣಪತಿ ಮೆರವಣಿಗೆಗೂ ಇದೇ ಲೆಕ್ಕ. ಮೆಡಿಕಲ್ ಶಾಪ್‌ನಲ್ಲಿ ಇಯರ್‌ಪ್ಲಗ್ ಸಿಗುತ್ತದೆ, ಹಾಕಿಕೊಂಡರೂ ಹಾಡು ಕೇಳಿಸುತ್ತದೆ.

ಪ್ರಶ್ನೆ: ಮೇಡಂ, ನಾನು ಅಡಿಕೆ ಬೆಳೆಗಾರ. ಮಗಳನ್ನು ನಂಬಿ ದಾವಣಗೆರೆಗೆ ಎಂ.ಎಸ್ಸಿ.ಗೆ ಕಳಿಸಿದ್ದೇನೆ. ಮೊನ್ನೆ ಅವಳ ಗೆಳತಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಗಳು ಯಾವುದೋ ಕತ್ತಲೆ ಹಾಲಿನಲ್ಲಿ ಕುಣಿಯುವ ವಿಡಿಯೊ ನೋಡಿದೆ. ಎದೆ ಒಡೆಯಿತು. ಓದು ಬಿಡಿಸಿ ಮನೆಗೆ ಕರೆದುಕೊಂಡು ಬರಲೇ?
– ಚನ್ನಗಿರಿ ತಾಲ್ಲೂಕು

ಉತ್ತರ: ಬೇಡ ಯಜಮಾನರೇ. ವಿಡಿಯೊದಲ್ಲಿ ಅವಳು ಏನು ಮಾಡುತ್ತಿದ್ದಳು ಅಂತ ನೀವೇ ಬರೆದಿದ್ದೀರಿ, ಕುಣಿಯುತ್ತಿದ್ದಳು. ಊರಿನ ಮದುವೆಯಲ್ಲಿ ಕುಣಿದಿದ್ದರೆ ನೀವೇ ಫೋನ್ ಹಿಡಿದು ವಿಡಿಯೊ ಮಾಡುತ್ತಿರಲಿಲ್ಲವಾ? ನಿಮಗೆ ನೋವಾಗಿರುವುದು ಕುಣಿತಕ್ಕಲ್ಲ, ನಿಮಗೆ ಹೇಳದೆ ಹೋದಳಲ್ಲ ಅಂತ. ಅದು ನ್ಯಾಯವಾದ ನೋವೇ. ಅದನ್ನೇ ಅವಳಿಗೆ ಹೇಳಿ.

ನಾನೂ ಅಲ್ಲೇ ಎಂ.ಎ. ಮಾಡಿದವಳು, ಆಗಿನ್ನೂ ಅದು ಕುವೆಂಪು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಸೆಂಟರ್, ಸ್ವಂತ ವಿಶ್ವವಿದ್ಯಾನಿಲಯ ಆಗಿದ್ದು 2009ರಲ್ಲಿ. ಆಗ ನಮ್ಮ ನೈಟ್ ಔಟ್ ಅಂದರೆ ಸೆಕೆಂಡ್ ಶೋ ಸಿನಿಮಾ, ಅದಕ್ಕೂ ಮುಂಚೆ ಮಂಡಕ್ಕಿ ಮಿರ್ಚಿ. ಅಷ್ಟಕ್ಕೇ ನಮ್ಮಪ್ಪ ಮೂರು ತಿಂಗಳು ಮಾತು ಬಿಟ್ಟರು. ಆ ಮೂರು ತಿಂಗಳಲ್ಲಿ ನಾನು ಕಲಿತದ್ದು ಒಂದೇ, ಇನ್ನೂ ಚೆನ್ನಾಗಿ ಸುಳ್ಳು ಹೇಳುವುದು. ಭಾನುವಾರ ಒಂದು ಡಬ್ಬಿ ಊಟ ಕಟ್ಟಿಸಿಕೊಂಡು ಹಾಸ್ಟೆಲ್‌ಗೆ ಹೋಗಿ. ಗಾಜಿನ ಮನೆ ಕಡೆ ಕರೆದುಕೊಂಡು ಹೋಗಿ ಕೂರಿಸಿ. 'ವಿಡಿಯೊ ನೋಡಿದೆ ಮಗಾ, ಮುಂದಿನ ಸಲ ಎಲ್ಲಿಗೆ ಹೋದರೂ ನನಗೊಂದು ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತೇನೆ' ಅನ್ನಿ. ಬೈಯಲೇಬೇಕು ಅನ್ನಿಸಿದರೆ ಊಟ ಆದಮೇಲೆ ಬೈಯಿರಿ. ಫೀಸು, ಓದು, ನಾಲ್ಕನೇ ಸೆಮಿಸ್ಟರ್ ಪ್ರಾಜೆಕ್ಟ್, ಇವನ್ನೆಲ್ಲಾ ಇದಕ್ಕೆ ಗಂಟು ಹಾಕಬೇಡಿ.

ಪ್ರಶ್ನೆ: ಪಾರ್ಟಿ ಮಾಡಿದ ಮರುದಿನದ ತಲೆನೋವಿಗೆ ಬೆಣ್ಣೆ ದೋಸೆ ಮದ್ದು ಅಂತಾರೆ, ಹೌದಾ ಅಕ್ಕಾ?
– ವಿದ್ಯಾನಗರ, ದಾವಣಗೆರೆ

ಉತ್ತರ: ಅಲ್ಲ. ಅದಕ್ಕೆ ಮದ್ದು ಅಂದರೆ ನೀರು, ನಿದ್ದೆ, ಹೊತ್ತು ಕಳೆಯುವುದು. ಕುಡಿದ ಮೇಲೆ ಪ್ಯಾರಾಸಿಟಮಾಲ್ ಮಾತ್ರೆ ನುಂಗಬೇಡ, ಲಿವರ್‌ಗೆ ಆಗಲೇ ಕೈತುಂಬಾ ಕೆಲಸ ಇರುತ್ತದೆ. ದೋಸೆಯನ್ನು ಮದ್ದು ಅಂತ ಅಲ್ಲ, ದೋಸೆ ಅಂತಲೇ ತಿನ್ನು. ಹಾಂ, ಮೇಲೆ ಬರೆದ ಐದು ಹುಡುಗೀರು ಭಾನುವಾರ ಬೆಳಗಿನ ರೈಲು ಹಿಡಿದರೆ ದೋಸೆ ಹೊತ್ತಿಗೇ ದಾವಣಗೆರೆಯಲ್ಲಿ ಇಳಿಯುತ್ತಾರೆ, ಸಿಕ್ಕರೆ ಅವರ ಜೊತೆ ಹೋಗು. ಬಿಲ್ ಮಾತ್ರ ಮೊದಲೇ ಮಾತಾಡಿಕೋ.