ಕೀಲಿಮಣೆಯ ಸ್ವಿಚ್‌ಗೆ ಗ್ರೀಸ್: ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ದಿನವಿಡೀ ನುಡಿ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡಬೇಕಾಗಿರುವುದರಿಂದ 87 ಕೀಲಿಗಳ ಮೆಕ್ಯಾನಿಕಲ್ ಕೀಬೋರ್ಡ್ ಒಂದನ್ನು ಕೊಂಡಿದ್ದೇನೆ. ಕೀಲಿಗಳ ಕೆಳಗಿನ ಸ್ವಿಚ್‌ಗಳು ಲೀನಿಯರ್ ಬಗೆಯವು, ಅಂದರೆ ಒತ್ತುವಾಗ ನಡುವೆ ತಡೆಯಿಲ್ಲದೆ ಒಂದೇ ಸಮನೆ ಇಳಿಯುವಂಥವು. ಬೆಸುಗೆಯಿಲ್ಲದೆ ಕಿತ್ತು ಹಾಕಬಹುದು. ನಿಧಾನವಾಗಿ ಒತ್ತಿದರೆ ಒಳಗೆ ಏನೋ ಉಜ್ಜಿದಂತೆ ಕರಕರ ಎನ್ನುತ್ತದೆ, ಬಿಟ್ಟಾಗ ಸ್ಪ್ರಿಂಗ್ ಟಿಂಗ್ ಎನ್ನುತ್ತದೆ, ಶಿಫ್ಟ್ ಮತ್ತು ಸ್ಪೇಸ್ ಕೀಲಿಗಳಂತೂ ಲಟಲಟ ಅಲುಗುತ್ತವೆ. ಮನೆಯಲ್ಲಿರುವ ಹೊಲಿಗೆ ಯಂತ್ರದ ಎಣ್ಣೆಯನ್ನು ಬಿಡಬಹುದೇ?

ಉತ್ತರ: ಆ ಎಣ್ಣೆಯನ್ನು ದಯವಿಟ್ಟು ಬಿಡಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ನೀವು ವಿವರಿಸಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಮೂಲ ಬೇರೆ, ಪರಿಹಾರವೂ ಬೇರೆ. ಇದನ್ನು ಬಿಡಿಸಿ ನೋಡದೆ ಎಲ್ಲದಕ್ಕೂ ಗ್ರೀಸ್ ಬಳಿಯುವುದೇ ಈ ಕೆಲಸದಲ್ಲಿ ಹೆಚ್ಚಿನವರು ನಿರಾಶರಾಗಲು ಕಾರಣ.

ಮೊದಲು ಶಿಫ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ನೋಡಿ, ಏಕೆಂದರೆ ನಿಮ್ಮ ಕೆಲಸಕ್ಕೆ ಅವೇ ಮುಖ್ಯ. ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನಲ್ಲೇ ಸಾಗುವ ನುಡಿ ಕೀಲಿಮಣೆಯಲ್ಲಿ ದೀರ್ಘ ಸ್ವರಗಳಿಗೂ ಹೆಚ್ಚಿನ ಮಹಾಪ್ರಾಣಗಳಿಗೂ ಣ, ಳ ಮುಂತಾದ ಅಕ್ಷರಗಳಿಗೂ ಶಿಫ್ಟ್ ಬೇಕೇ ಬೇಕು. ಇಂಗ್ಲಿಷ್ ಟೈಪ್ ಮಾಡುವವರು ವಾಕ್ಯಕ್ಕೆ ಒಂದೆರಡು ಬಾರಿ ಮುಟ್ಟುವ ಈ ಕೀಲಿಯನ್ನು ನೀವು ಹೆಚ್ಚುಕಡಿಮೆ ಪ್ರತಿ ಪದದಲ್ಲೂ ಒತ್ತುತ್ತೀರಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕೀಲಿಮಣೆಗಳಲ್ಲಿ ಎಡ ಶಿಫ್ಟ್ ಒಂದು ಅಕ್ಷರದ ಕೀಲಿಯ 2.25 ಪಟ್ಟು, ಬಲ ಶಿಫ್ಟ್ 2.75 ಪಟ್ಟು ಮತ್ತು ಸ್ಪೇಸ್ 6.25 ಪಟ್ಟು ಅಗಲವಾಗಿರುತ್ತವೆ. ಇಷ್ಟು ಉದ್ದದ ಕೀಲಿಯ ತುದಿಯನ್ನು ಒತ್ತಿದಾಗ ಅದು ಓರೆಯಾಗದಂತೆ ಎರಡೂ ಬದಿಯಲ್ಲಿ ಸ್ಟೆಬಿಲೈಜರ್‌ಗಳಿದ್ದು, ಅವೆರಡನ್ನೂ ಒಂದು ಉಕ್ಕಿನ ತಂತಿ ಜೋಡಿಸಿರುತ್ತದೆ. ನಿಮಗೆ ಕೇಳುವ ಲಟಲಟ ಸದ್ದು ಆ ತಂತಿಯ ತುದಿಗಳು ಪ್ಲಾಸ್ಟಿಕ್ ಗೂಡಿನೊಳಗೆ ಸಡಿಲವಾಗಿ ಬಡಿಯುವುದರಿಂದ ಬರುವಂಥದ್ದು. ಸ್ವಿಚ್‌ಗೂ ಅದಕ್ಕೂ ಸಂಬಂಧವಿಲ್ಲ.

ತಂತಿಯನ್ನು ಹೊರತೆಗೆದು ಗಾಜಿನ ಮೇಲಿಡಿ. ಎರಡೂ ತುದಿಗಳು ಗಾಜಿಗೆ ತಾಗಿ ಕೂರಬೇಕು. ಒಂದು ಎದ್ದಿದ್ದರೆ ತಂತಿ ತಿರುಚಿಕೊಂಡಿದೆ ಎಂದರ್ಥ, ಅದನ್ನು ಇಕ್ಕಳದಿಂದ ಸ್ವಲ್ಪಸ್ವಲ್ಪವೇ ಬಗ್ಗಿಸಿ ಸರಿಪಡಿಸಬೇಕು. ಆಮೇಲೆ ತಂತಿಯ ತುದಿಗಳಿಗೆ ಮಾತ್ರ ಗಟ್ಟಿಯಾದ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯಗೊಡದ) ಗ್ರೀಸ್ ಹಚ್ಚಿ. ಇಲ್ಲಿ ಸ್ವಲ್ಪ ಧಾರಾಳವಾಗಿ ಹಚ್ಚಿದರೂ ತೊಂದರೆಯಿಲ್ಲ. ತಂತಿ ಡೊಂಕಾಗಿದ್ದಾಗ ಎಷ್ಟು ಗ್ರೀಸ್ ತುಂಬಿದರೂ ಸದ್ದು ಕೆಲವೇ ವಾರಗಳಲ್ಲಿ ಮರಳಿ ಬರುತ್ತದೆ, ಆದ್ದರಿಂದ ಗಾಜಿನ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ. ನನ್ನ ಅಭಿಪ್ರಾಯದಲ್ಲಿ ಇಡೀ ಕೀಲಿಮಣೆಯಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವ ಕೆಲಸ ಇದೇ.

ಇನ್ನು ಸ್ವಿಚ್‌ನ ಒಳಗಿನ ವಿಚಾರ. ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಮಾದರಿಯನ್ನೇ ಇಂದಿನ ಬಹುಪಾಲು ಸ್ವಿಚ್‌ಗಳು ಅನುಸರಿಸುತ್ತವೆ. ಮೇಲಿನ ಕವಚ, ಕೆಳಗಿನ ಕವಚ, ನಡುವೆ ಮೇಲೆ ಕೆಳಗೆ ಜಾರುವ ಸ್ಟೆಮ್, ಅದನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗ್ ಮತ್ತು ಸಂಪರ್ಕ ಕೊಡುವ ಲೋಹದ ಎಲೆಗಳು, ಇಷ್ಟೇ ಭಾಗಗಳು. ಮೂಲ ಮಾದರಿಯಲ್ಲಿ ಸ್ಟೆಮ್ ಒಟ್ಟು 4 ಮಿಲಿಮೀಟರ್ ಚಲಿಸುತ್ತದೆ, ಸುಮಾರು 2 ಮಿಲಿಮೀಟರ್ ಇಳಿದಾಗ ಅಕ್ಷರ ಮೂಡುತ್ತದೆ. ಕೆಳಗಿನ ಕವಚದ ಎರಡು ಬದಿಯ ಹಳಿಗಳ ಮೇಲೆ ಸ್ಟೆಮ್ ಜಾರುವಾಗ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುವುದೇ ಕರಕರ ಸದ್ದಿನ ಮೂಲ. ಟಿಂಗ್ ಎನ್ನುವುದು ಸ್ಪ್ರಿಂಗ್‌ನ ತುದಿಗಳು ಕವಚದೊಳಗೆ ತಿರುಗಿ ಕಂಪಿಸುವುದರಿಂದ.

ಹೊಲಿಗೆ ಯಂತ್ರದ ಎಣ್ಣೆ ಪೆಟ್ರೋಲಿಯಂ ಮೂಲದ್ದು ಮತ್ತು ತೀರಾ ತೆಳು. ಅದು ಹಳಿಯ ಮೇಲೆ ನಿಲ್ಲದೆ ಹರಿದು ಲೋಹದ ಎಲೆಗಳತ್ತ ಹೋಗುತ್ತದೆ, ದೂಳನ್ನು ಹಿಡಿದುಕೊಳ್ಳುತ್ತದೆ. ಅನೇಕ ಸ್ವಿಚ್‌ಗಳ ಪಾರದರ್ಶಕ ಮೇಲ್ಕವಚ ಪಾಲಿಕಾರ್ಬೊನೇಟಿನದು, ಅದು ಇಂಥ ಎಣ್ಣೆ ಮತ್ತು ದ್ರಾವಕಗಳ ಸಂಪರ್ಕದಲ್ಲಿ ಕಾಲಕ್ರಮೇಣ ಬಿರುಕು ಬಿಡಬಹುದು. ಕೊಬ್ಬರಿ ಎಣ್ಣೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದು ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ಹಳತಾದರೆ ಜಿಗುಟಾಗುತ್ತದೆ. ಈ ಕೆಲಸಕ್ಕೆ ಬಳಸುವುದು ಪ್ಲಾಸ್ಟಿಕ್ಕಿಗೆ ಹಾನಿ ಮಾಡದ, ಆವಿಯಾಗದ ಫ್ಲೋರಿನೇಟೆಡ್ ಗ್ರೀಸ್. ಲೀನಿಯರ್ ಸ್ವಿಚ್‌ಗೆ ಕ್ರೈಟಾಕ್ಸ್ ಜಿಪಿಎಲ್ 205ರ ಗ್ರೇಡ್ 0, ಸ್ಪ್ರಿಂಗ್‌ಗಳಿಗೆ ಅದೇ ಸಾಲಿನ 105 ಎಣ್ಣೆ ರೂಢಿಯಲ್ಲಿವೆ. ಬೆಲೆ ಹೆಚ್ಚೆನಿಸಿದರೂ ಐದು ಗ್ರಾಮಿನ ಡಬ್ಬಿ ನಿಮ್ಮ 87 ಸ್ವಿಚ್‌ಗಳಿಗೆ ಸಾಕಾಗಿ ಮಿಗಬೇಕು. ಮಿಗದಿದ್ದರೆ ನೀವು ಹೆಚ್ಚು ಹಚ್ಚುತ್ತಿದ್ದೀರಿ ಎಂದೇ ತಿಳಿಯಿರಿ.

ಹಚ್ಚುವ ಪ್ರಮಾಣದಲ್ಲೇ ಈ ಕೆಲಸದ ಮರ್ಮವಿದೆ. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುತ್ತೇವಲ್ಲ, ಅಷ್ಟೇ ತೆಳುವಾಗಿರಬೇಕು: ಬೆಳಕಿಗೆ ಹಿಡಿದರೆ ಹೊಳಪು ಕಾಣಬೇಕು, ಬಿಳಿಯ ಪದರ ಕಾಣಬಾರದು. ಸಣ್ಣ ಚಿತ್ರಕಲೆಯ ಕುಂಚದಿಂದ ಸ್ಟೆಮ್‌ನ ಎರಡು ಪಾರ್ಶ್ವಗಳಿಗೆ, ಕೆಳಗಿನ ಕವಚದ ಹಳಿಗಳಿಗೆ ಮತ್ತು ಸ್ಪ್ರಿಂಗ್ ಕೂರುವ ಕಂಬದ ಸುತ್ತ ಸವರಿ. ಲೋಹದ ಎಲೆಗಳ ನಡುವೆ ಗ್ರೀಸ್ ಸೇರಲೇಬಾರದು. ಈ ಗ್ರೀಸಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಎಲೆಗಳ ಸಂದಿಯಲ್ಲಿ ಅದು ಶೇಖರಗೊಂಡರೆ ಒತ್ತಿದ ಅಕ್ಷರ ಮೂಡದೆ ಹೋಗಬಹುದು. ಸ್ಪ್ರಿಂಗ್‌ಗಳನ್ನು ಒಂದೊಂದಾಗಿ ಸವರುವ ಅಗತ್ಯವಿಲ್ಲ. ಎಲ್ಲವನ್ನೂ ಒಂದು ಜಿಪ್ ಚೀಲಕ್ಕೆ ಹಾಕಿ, 105 ಎಣ್ಣೆಯ ಕೆಲವು ಹನಿ ಬಿಟ್ಟು, ಚೀಲದಲ್ಲಿ ಗಾಳಿ ತುಂಬಿಸಿ ಚೆನ್ನಾಗಿ ಕುಲುಕಿದರೆ ಟಿಂಗ್ ಸದ್ದು ಬಹುಮಟ್ಟಿಗೆ ಅಡಗುತ್ತದೆ.

ಎಲ್ಲ ಸ್ವಿಚ್‌ಗಳನ್ನೂ ಒಂದೇ ದಿನ ಬಿಚ್ಚಬೇಡಿ. ಮೊದಲು ನಾಲ್ಕನ್ನು ಮಾತ್ರ ಸಿದ್ಧಪಡಿಸಿ, ಒಂದನ್ನು ಎಫ್ ಕೀಲಿಯ ಕೆಳಗೆ ಹಾಕಿ. ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರದ ಚಿಹ್ನೆ ನಿಮ್ಮ ವಿನ್ಯಾಸದಲ್ಲಿ ಅಲ್ಲೇ ಇರುವುದರಿಂದ ‘ಕನ್ನಡ’ ಎಂದು ಬರೆಯಲೂ ಅದನ್ನು ಒಮ್ಮೆ ಮುಟ್ಟಲೇಬೇಕು. ಹೊಸ ಸ್ಪರ್ಶ ಹಿತವೋ ಅಲ್ಲವೋ ಎಂಬುದು ಆ ಬೆರಳಿಗೆ ಎಲ್ಲಕ್ಕಿಂತ ಮೊದಲು ತಿಳಿಯುತ್ತದೆ. ಕೆಲವು ದಿನ ಬಳಸಿದ ಮೇಲೆ ಕೀಲಿ ಮೇಲೇಳುವುದು ನಿಧಾನವೆನಿಸಿದರೆ ಮುಂದಿನವಕ್ಕೆ ಗ್ರೀಸ್ ಕಡಿಮೆ ಮಾಡಿ. ಇತ್ತೀಚಿನ ಹಲವು ಸ್ವಿಚ್‌ಗಳಿಗೆ ಕಾರ್ಖಾನೆಯಲ್ಲೇ ಗ್ರೀಸ್ ಹಾಕಿರುತ್ತಾರೆ, ಆದ್ದರಿಂದ ಬಿಚ್ಚಿದ ಮೊದಲ ಸ್ವಿಚ್‌ನಲ್ಲಿ ಹಳಿಗಳು ಆಗಲೇ ಹೊಳೆಯುತ್ತಿವೆಯೇ ಎಂದು ನೋಡುವುದನ್ನು ಮರೆಯಬೇಡಿ.

ಸ್ವಿಚ್ ಕೀಳುವಾಗ ಅದಕ್ಕೆಂದೇ ಇರುವ ಚಿಮಟದಿಂದ (ಪುಲ್ಲರ್) ನೇರವಾಗಿ ಮೇಲಕ್ಕೆ ಎಳೆಯಿರಿ. ಮರಳಿ ಹಾಕುವಾಗ ಎರಡು ಪಿನ್‌ಗಳೂ ನೆಟ್ಟಗಿವೆಯೇ ಎಂದು ಪ್ರತಿ ಸಲವೂ ನೋಡಿ. ಸ್ವಿಚ್‌ನ ಪಿನ್‌ಗಳು ಕೂರುವ ಸಾಕೆಟ್‌ಗಳನ್ನು ತಯಾರಿಸುವ ಕೈಲ್ ಕಂಪನಿ, ಅವು 100 ಸಲ ಹಾಕಿ ತೆಗೆಯುವುದನ್ನು ತಾಳುತ್ತವೆ ಎಂದು ಹೇಳುತ್ತದೆ, ಹಾಗಾಗಿ ಸಾಕೆಟ್ ಸವೆಯುವ ಭಯ ಬೇಡ. ಹಾಳಾಗುವುದು ಹೆಚ್ಚಾಗಿ ಬಾಗಿದ ಪಿನ್ನನ್ನು ಬಲವಂತವಾಗಿ ಒತ್ತಿದಾಗ. ಕೊನೆಗೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಫ್ಲೋರಿನೇಟೆಡ್ ಗ್ರೀಸ್ ಸಾಧಾರಣ ಉಷ್ಣತೆಯಲ್ಲಿ ನಿರಪಾಯಕಾರಿ, ಆದರೆ ಬೆಂಕಿಯ ಶಾಖಕ್ಕೆ ಒಡೆದು ವಿಷಕಾರಿ ಹೊಗೆ ಕೊಡುತ್ತದೆ. ಕೈಗೆ ಮೆತ್ತಿದ ಗ್ರೀಸ್ ಬೀಡಿ, ಸಿಗರೇಟಿಗೆ ತಾಗಿದರೂ ಅಪಾಯ. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ.

ಪ್ರಶ್ನೆ: ನನ್ನದು ಬ್ರೌನ್ ಸ್ವಿಚ್, ಒತ್ತುವಾಗ ನಡುವೆ ಸಣ್ಣ ತಡೆ ಬೆರಳಿಗೆ ಸಿಗಬೇಕಾದ ಬಗೆ. ಆದರೆ ಆ ತಡೆ ಸ್ಪಷ್ಟವಾಗಿಲ್ಲ, ಮರಳು ಸಿಕ್ಕಿಕೊಂಡಂತಿದೆ. ಗ್ರೀಸ್ ಹಚ್ಚಿದರೆ ಆ ತಡೆ ಚೆನ್ನಾಗಿ ತಿಳಿಯುವುದೇ?

ಉತ್ತರ: ಕರಕರ ಕಡಿಮೆಯಾಗುತ್ತದೆ, ತಡೆ ಹೆಚ್ಚುವುದಿಲ್ಲ. ಸ್ಟೆಮ್‌ನ ಮುಂಭಾಗದ ಎರಡು ಪುಟ್ಟ ಕಾಲುಗಳಲ್ಲಿ ಉಬ್ಬು ಇರುತ್ತದೆ. ಅದು ಲೋಹದ ಎಲೆಯನ್ನು ದಾಟಿ ಹೋಗುವಾಗಿನ ಪ್ರತಿರೋಧವೇ ನಿಮ್ಮ ಬೆರಳಿಗೆ ತಡೆಯಾಗಿ ತಿಳಿಯುವುದು. ಆ ಕಾಲುಗಳಿಗೆ ಗ್ರೀಸ್ ತಾಗಿದರೆ ಈಗಿರುವ ಅಲ್ಪಸ್ವಲ್ಪ ತಡೆಯೂ ಜಾರಿಹೋಗಿ ಲೀನಿಯರ್ ಸ್ವಿಚ್‌ನಂತಾಗುತ್ತದೆ. ಆದ್ದರಿಂದ ಕಾಲುಗಳನ್ನು ಒಣಗಿರಲು ಬಿಟ್ಟು, ಹಳಿಗಳಿಗೆ ಮಾತ್ರ ಟ್ರೈಬೊಸಿಸ್ 3203ರಂಥ ತೆಳುವಾದ ಗ್ರೀಸನ್ನು ಸವರಿ.

ತಡೆಯೇ ಬಲವಾಗಿರಬೇಕು ಎಂದಾದರೆ ಬದಲಿಸಬೇಕಾದದ್ದು ಸ್ಟೆಮ್ ಅಥವಾ ಸ್ಪ್ರಿಂಗ್. ಹವ್ಯಾಸಿಗಳು ಬಹಳ ಹಿಂದೆಯೇ ಕಂಡುಕೊಂಡ ದಾರಿ ಎರ್ಗೊ ಕ್ಲಿಯರ್: ಚೆರ್ರಿ ಎಂಎಕ್ಸ್ ಕ್ಲಿಯರ್ ಸ್ವಿಚ್‌ನ ಉಬ್ಬು ಬ್ರೌನ್‌ಗಿಂತ ದೊಡ್ಡದು, ಆದರೆ ಅದರ ಸ್ಪ್ರಿಂಗ್ ಬೆರಳು ನೋಯಿಸುವಷ್ಟು ಬಿಗಿ, ಆ ಸ್ಪ್ರಿಂಗ್ ತೆಗೆದು 62 ಅಥವಾ 65 ಗ್ರಾಮ್ ಬಲಕ್ಕೆ ಒತ್ತುವಂಥದ್ದನ್ನು ಹಾಕುತ್ತಾರೆ. ತೀರಾ ಹಗುರವಾದ ಸ್ಪ್ರಿಂಗ್ ಹಾಕಿದರೆ ಉಬ್ಬನ್ನು ದಾಟಿ ಸ್ಟೆಮ್ಮನ್ನು ಮರಳಿ ಎತ್ತುವ ಶಕ್ತಿ ಅದಕ್ಕಿರುವುದಿಲ್ಲ, ಕೀಲಿ ಕೆಳಗೇ ತಡೆದು ನಿಲ್ಲುತ್ತದೆ. ಮುಂದೆ ಬಂದ ಹೋಲಿ ಪಾಂಡಾ ಎಂಬ ಸ್ವಿಚ್ ಕೂಡ ಹೀಗೆಯೇ ಹುಟ್ಟಿದ್ದು: ಹ್ಯಾಲೊ ಎಂಬ ತಡೆಯುಳ್ಳ ಸ್ವಿಚ್‌ನ ಸ್ಟೆಮ್ಮನ್ನು ಇನ್ವೈರ್ ಪಾಂಡಾ ಎಂಬ ಲೀನಿಯರ್ ಸ್ವಿಚ್‌ನ ಕವಚದೊಳಗೆ ಹಾಕಿದಾಗ, ಎರಡರಲ್ಲೂ ಇಲ್ಲದಿದ್ದ ದುಂಡಗಿನ ಗಟ್ಟಿ ತಡೆ ಸಿಕ್ಕಿತು. ಇವತ್ತು ಅಂಥ ತಡೆಯುಳ್ಳ ಸ್ವಿಚ್‌ಗಳು ಸಿದ್ಧವಾಗಿಯೇ ಸಿಗುವುದರಿಂದ, ಎರಡು ಸ್ವಿಚ್ ಕೊಂಡು ಒಂದು ಮಾಡಿಕೊಳ್ಳುವ ಖರ್ಚನ್ನು ನಾನು ನಿಮಗೆ ಸಲಹೆ ಮಾಡುವುದಿಲ್ಲ.

ಪ್ರಶ್ನೆ: ಸ್ವಿಚ್ ಫಿಲ್ಮ್ ಹಾಕಲೇಬೇಕೇ?

ಉತ್ತರ: ಬೇಕಿಲ್ಲ. ಮೇಲಿನ ಮತ್ತು ಕೆಳಗಿನ ಕವಚಗಳು ಕೂಡುವಲ್ಲಿ ಸಡಿಲವಿದ್ದರೆ ಮಾತ್ರ ಈ ತೆಳು ಹಾಳೆ ಉಪಯೋಗಕ್ಕೆ ಬರುತ್ತದೆ. ಸ್ವಿಚ್‌ನ ಮೇಲಿನ ಕವಚವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ ನೋಡಿ, ಅಲುಗಿದರೆ 0.125 ಅಥವಾ 0.15 ಮಿಲಿಮೀಟರ್ ದಪ್ಪದ ಫಿಲ್ಮ್ ಹಾಕಿ. ಬಿಗಿಯಾಗಿರುವ ಸ್ವಿಚ್‌ಗೆ ಹಾಕಿದರೆ ಕವಚದ ಕೊಂಡಿ ಪೂರ್ತಿ ಕಚ್ಚಿಕೊಳ್ಳದೆ, ಕೀಕ್ಯಾಪ್ (ಕೀಲಿಯ ಮೇಲಿನ ಟೋಪಿ) ಕೀಳುವಾಗ ಸ್ವಿಚ್ಚೇ ಬಿಚ್ಚಿಕೊಂಡು ಬರಬಹುದು.

ಪ್ರಶ್ನೆ: ಕಚೇರಿಯಲ್ಲಿ ನನ್ನ ಬ್ಲೂ ಸ್ವಿಚ್ ಸದ್ದಿಗೆ ಎಲ್ಲರೂ ಗೊಣಗುತ್ತಾರೆ. ಗ್ರೀಸ್ ಹಾಕಿ ಸದ್ದಡಗಿಸಬಹುದೇ? ನನ್ನ ಕೀಲಿಮಣೆಯಲ್ಲಿ ಸ್ವಿಚ್‌ಗಳನ್ನು ಬೆಸುಗೆ ಹಾಕಿ ಕೂರಿಸಲಾಗಿದೆ.

ಉತ್ತರ: ಬ್ಲೂ ಸ್ವಿಚ್‌ನ ಸ್ಟೆಮ್ ಎರಡು ತುಂಡಿನದು; ಹೊರಗಿನ ತುಂಡು ಚಿಮ್ಮಿ ಕೆಳಕ್ಕೆ ಬಡಿಯುವುದೇ ಕ್ಲಿಕ್ ಸದ್ದು. ಅಲ್ಲಿ ಗ್ರೀಸ್ ಹಾಕಿದರೆ ಆ ತುಂಡು ಸರಿಯಾಗಿ ಚಿಮ್ಮದೆ, ಒಂದು ಕೀಲಿ ಸದ್ದು ಮಾಡಿ ಇನ್ನೊಂದು ಮಾಡದೆ ಮಂಕಾಗುತ್ತದೆ. ಕಚೇರಿಗೆ ಬಡಿತವನ್ನು ತಗ್ಗಿಸುವ ಮೆತ್ತನೆಯ ರಬ್ಬರ್ ಇರುವ ಸೈಲೆಂಟ್ ಸ್ವಿಚ್‌ಗಳೇ ಸೂಕ್ತ. ಆದರೆ ನಿಮ್ಮಲ್ಲಿ ಪ್ರತಿಯೊಂದರ ಎರಡೂ ಪಿನ್‌ಗಳ ಬೆಸುಗೆಯನ್ನು ಕರಗಿಸಿ ಹೀರಿ ತೆಗೆಯಬೇಕಾಗುತ್ತದೆ. ಅದರಲ್ಲಿ ಕೈ ಪಳಗಿಲ್ಲದಿದ್ದರೆ ಬೋರ್ಡಿನ ತಾಮ್ರದ ಬಿಲ್ಲೆಗಳು ಕಿತ್ತುಬರುವ ಸಂಭವ ಹೆಚ್ಚು. ಹಾಗಾಗಿ ಬ್ಲೂ ಇರುವ ಕೀಲಿಮಣೆಯನ್ನು ಮನೆಗೆ ಒಯ್ದು, ಕಚೇರಿಗೆ ಸ್ವಿಚ್ ಬದಲಿಸಬಹುದಾದ ಸಾದಾ ಕೀಲಿಮಣೆಯೊಂದನ್ನು ಕೊಳ್ಳುವುದು ಉತ್ತಮ. ಬೆಸುಗೆ ತೆಗೆಯಲೇಬೇಕೆಂದಿದ್ದರೆ ಯಾರೂ ಬಳಸದ ಹಳೆಯ ಸರ್ಕ್ಯೂಟ್ ಬೋರ್ಡೊಂದರ ಮೇಲೆ ಮೊದಲು ಅಭ್ಯಾಸ ಮಾಡಿ.